ಜಿಮ್ಮಿ ಸ್ಟುವರ್ಟ್ ಊರಲ್ಲಿ ಅಪ್ಪನ ಜೊತೆ ಒಂದು ಶನಿವಾರ

ಅಪ್ಪ ಪಿಟ್ಸ್‌ಬರ್ಗಿಗೆ ಬಂದು ಎರಡು ತಿಂಗಳಾಗಿತ್ತು, ಜನವರಿ ಕೊನೆ, ಹೊರಗಡೆ ಹಿಮ, ರೋಡಲ್ಲಿ ಒಂದು ನರಪಿಳ್ಳೆ ಕಾಣ್ತಿರ್ಲಿಲ್ಲ. ತಿಪಟೂರಲ್ಲಿ 40 ವರ್ಷ ಹಾರ್ಡ್‌ವೇರ್ ಅಂಗಡಿ ಗಲ್ಲಾ ಮುಂದೆ ಕೂತು ಮೊಳೆ, ತಂತಿ, ಚಿಲಕ, ಗುದ್ದಲಿ, ಸನಿಕೆ ಮಾರ್ಕೊಂಡು ಬೆಳಗಿಂದ ರಾತ್ರಿವರೆಗೂ ಜನರ ಹತ್ರ ಮಾತಾಡ್ಕೊಂಡಿದ್ದ ಮನುಷ್ಯ ಇಲ್ಲಿ ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಎದುರು ಮನೆಯವರು ಹಿಮ ತೋಡೋದನ್ನ ನೋಡ್ತಾ ಕೂತಿರೋರು. ಭಾನುವಾರ ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಕರ್ಕೊಂಡು ಹೋದ್ರೆ ಅಲ್ಲಿ ಯಾರಾದ್ರೂ ಕನ್ನಡದವರು ಸಿಕ್ಕಿ ಎರಡು ಗಂಟೆ ಚೆನ್ನಾಗಿರೋರು, ಸೋಮವಾರ ಮತ್ತೆ ಅದೇ ಕಿಟಕಿ.

ನಾನು ರಾತ್ರಿ ಊಟ ಆದ್ಮೇಲೆ ಹಳೇ ಇಂಗ್ಲಿಷ್ ಪಿಕ್ಚರ್ ನೋಡ್ತೀನಿ, ಅದು ಮೊದಲಿಂದ ಇರೋ ಅಭ್ಯಾಸ. ಒಂದಿನ ರಿಯರ್ ವಿಂಡೋ ಹಾಕಿದ್ದೆ, ಅಪ್ಪ ಸುಮ್ನೆ ಬಂದು ಪಕ್ಕ ಕೂತ್ರು. ಕಾಲು ಮುರ್ಕೊಂಡು ಪ್ಲಾಸ್ಟರ್ ಹಾಕಿಸ್ಕೊಂಡ ಫೋಟೋಗ್ರಾಫರ್ ವೀಲ್‌ಚೇರಲ್ಲಿ ಕೂತು ಕಿಟಕಿಯಿಂದ ಎದುರು ಮನೆಗಳನ್ನ ನೋಡ್ತಾ ಇರ್ತಾನಲ್ಲ, ಅಪ್ಪಂಗೆ ಅದು ವಿವರಿಸೋದೇ ಬೇಕಾಗ್ಲಿಲ್ಲ. ಅಪ್ಪಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅದರಲ್ಲೂ ಅಮೆರಿಕನ್ನರ ಇಂಗ್ಲಿಷ್ ಅಂದ್ರೆ ಅರ್ಧ ಹೋಗತ್ತೆ, ಆದ್ರೂ ಕೊನೇವರೆಗೂ ಎದ್ದೇಳಲಿಲ್ಲ. ಮುಗಿದ್ಮೇಲೆ ಹೇಳಿದ್ರು, "ಈ ಮನುಷ್ಯ ಮಾತಾಡೋಕೆ ಮುಂಚೆ ಯೋಚ್ನೆ ಮಾಡ್ತಾನೆ, ಅದು ನಮಗೆ ಕಾಣ್ಸತ್ತೆ ನೋಡು. ಅದಕ್ಕೇ ಇವನು ಹೇಳೋದು ನಂಗೆ ಅರ್ಥ ಆಗತ್ತೆ."

ಆ ಫೋಟೋಗ್ರಾಫರ್ ಪಾತ್ರ ಮಾಡಿದ ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್, ಎಲ್ರೂ ಕರೆಯೋದು ಜಿಮ್ಮಿ ಅಂತ, ಅವರ ಬಗ್ಗೆ ನಾನು ಎಷ್ಟೊಂದು ಓದಿದೀನಿ, ಆ ತಡವರಿಸೋ ಮಾತಿನ ಬಗ್ಗೆ ಎಷ್ಟೋ ಜನ ಬರೆದಿದಾರೆ, ಆದ್ರೆ ಇಷ್ಟು ನೇರವಾಗಿ ಯಾರೂ ಹೇಳಿದ್ದು ನೆನಪಿಲ್ಲ. ಆಗ ನಾನಂದೆ, ಅಪ್ಪ, ಇವರ ಊರು ಇಲ್ಲಿಂದ ಒಂದೂವರೆ ಗಂಟೆ ದಾರಿ, ಇವರಪ್ಪಂದೂ ಹಾರ್ಡ್‌ವೇರ್ ಅಂಗಡಿ ಇತ್ತು. ಅಪ್ಪ ತಿರುಗಿ ನೋಡಿದ್ರು. "ಯಾವಾಗ ಹೋಗೋಣ?"

ಆ ಶನಿವಾರಾನೇ ಹೊರಟ್ವಿ. ಊರಿನ ಹೆಸರು ಇಂಡಿಯಾನಾ. ರಾಜ್ಯ ಅಲ್ಲ, ಪೆನ್ಸಿಲ್ವೇನಿಯಾದ ಒಳಗಿರೋ ಒಂದು ಸಣ್ಣ ಊರು, ಸುತ್ತ ಬೆಟ್ಟ, ಹಿಂದೆ ಕಲ್ಲಿದ್ದಲ ಗಣಿಗಳಿದ್ದ ಸೀಮೆ. ಕ್ರಿಸ್ಮಸ್ ಮರಗಳ ರಾಜಧಾನಿ ಅಂತ ತಮ್ಮನ್ನ ತಾವೇ ಕರ್ಕೊಳ್ತಾರೆ, ದಾರೀಲಿ ಸಾಲುಸಾಲಾಗಿ ಆ ಮರದ ತೋಟಗಳು, ಅಪ್ಪ ಅದನ್ನ ನೋಡಿ ನಮ್ಮ ಕಡೆ ತೆಂಗಿನ ಸಸಿ ಮಡಿ ಇದ್ದಂಗೆ ಅಂದ್ರು. 1908 ಮೇ 20ರಂದು ಸ್ಟುವರ್ಟ್ ಹುಟ್ಟಿದ್ದು ಈ ಊರಲ್ಲೇ. ಮುಖ್ಯ ರಸ್ತೆ ಹೆಸರು ಫಿಲಡೆಲ್ಫಿಯಾ ಸ್ಟ್ರೀಟ್, ಕೋರ್ಟ್ ಕಟ್ಟಡದ ಮುಂದೆ ಅವರ ಪ್ರತಿಮೆ ಇದೆ, 1983ರಲ್ಲಿ ಅವರ 75ನೇ ಹುಟ್ಟುಹಬ್ಬಕ್ಕೆ ಅವರೇ ಬಂದಿದ್ರಂತೆ. ಎತ್ತರದ ಸಣಕಲು ಆಸಾಮಿ, 6 ಅಡಿ 3 ಇಂಚು.

ಅಂಗಡಿ ಈಗ ಇಲ್ಲ. ಜೆ.ಎಂ. ಸ್ಟುವರ್ಟ್ ಅಂಡ್ ಕಂಪನಿ ಅಂತ ಹೆಸರು, ತಾತನ ಕಾಲದಿಂದ ಬಂದಿದ್ದು, ಆ ಜಾಗದಲ್ಲಿ ಈಗ ಬ್ಯಾಂಕಿದೆ. ಆದ್ರೆ ಅಪ್ಪ ಅಲ್ಲಿ ನಿಂತ್ಬಿಟ್ರು, ಚಳಿಗೆ ಮೂಗು ಕೆಂಪಾಗಿದ್ರೂ ಕದಲಲಿಲ್ಲ, ಅಂಗಡಿ ಮುಖ ಯಾವ ಕಡೆಗಿತ್ತು, ಮೂಲೆ ಅಂಗಡೀನಾ, ಸಂತೆ ಎಲ್ಲಿ ಸೇರ್ತಿತ್ತು ಅಂತ ಕೇಳ್ತಾನೇ ಇದ್ರು. ನನಗೆ ಗೊತ್ತಿದ್ದದ್ದು ಹೇಳಿದೆ. ಸ್ಟುವರ್ಟ್ ಅವರಪ್ಪ ಅಲೆಕ್ಸಾಂಡರ್ ಪ್ರಿನ್ಸ್‌ಟನ್ ಯೂನಿವರ್ಸಿಟೀಲಿ ಓದಿದೋರು, ಓದು ಮುಗಿಸಿ ಬಂದು ಇದೇ ಅಂಗಡೀಲಿ ಕೂತೋರು, ಮಗನೂ ಹಂಗೇ ಮಾಡ್ತಾನೆ ಅಂತ ಆಸೆ ಇಟ್ಕೊಂಡಿದ್ರು. ಮಗ ಪ್ರಿನ್ಸ್‌ಟನ್‌ಗೇ ಹೋದ, 1932ರಲ್ಲಿ ಆರ್ಕಿಟೆಕ್ಚರ್ ಡಿಗ್ರಿ ತಗೊಂಡ, ಆಮೇಲೆ ನಾಟಕದ ತಂಡ ಸೇರ್ಕೊಂಡು ನ್ಯೂಯಾರ್ಕಿಗೆ ಹೋಗಿ ನಟ ಹೆನ್ರಿ ಫೊಂಡಾ ಜೊತೆ ರೂಮ್ ಮಾಡ್ದ, 1935ಕ್ಕೆ ಎಂ.ಜಿ.ಎಂ. ಅನ್ನೋ ಸಿನಿಮಾ ಕಂಪನಿ ಸಂಬಳಕ್ಕೆ ಹಾಲಿವುಡ್ ಸೇರಿದ.

"ವಾಪಸ್ ಬರ್ಲಿಲ್ವಾ?"

ಬರ್ಲಿಲ್ಲ ಅಂದೆ. ಆದ್ರೆ ಆಸ್ಕರ್ ಬಂತು. 1940ರ ದಿ ಫಿಲಡೆಲ್ಫಿಯಾ ಸ್ಟೋರಿಗೆ ಬೆಸ್ಟ್ ಆಕ್ಟರ್ ಅಂತ ಆಸ್ಕರ್ ಕೊಟ್ಟಾಗ ಅಲೆಕ್ಸಾಂಡರ್ ಮಗನಿಗೆ ಫೋನ್ ಮಾಡಿ ಅದನ್ನ ಇಲ್ಲಿಗೆ ಕಳ್ಸು, ಅಂಗಡಿ ಕಿಟಕೀಲಿಡ್ತೀನಿ ಅಂದ್ರಂತೆ. ಕಳಿಸಿದ್ರು. ಎಷ್ಟೋ ವರ್ಷ ಆ ಬೊಂಬೆ ಇದೇ ರಸ್ತೇಲಿ, ಇದೇ ಜಾಗದಲ್ಲಿ, ಹಾರ್ಡ್‌ವೇರ್ ಅಂಗಡಿ ಗಾಜಿನ ಹಿಂದೆ ನಿಂತಿತ್ತು. ಆ ಪಿಕ್ಚರಲ್ಲಿ ಕ್ಯಾರಿ ಗ್ರಾಂಟ್, ಕ್ಯಾಥರೀನ್ ಹೆಪ್‌ಬರ್ನ್ ಇದಾರೆ, ಚೆಂದಾನೇ ಇದೆ, ಆದ್ರೆ ನನ್ನ ಕೇಳಿದ್ರೆ ಅದರ ಹಿಂದಿನ ವರ್ಷದ ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್‌ಗೇ ಕೊಡ್ಬೇಕಿತ್ತು. ಸೆನೆಟ್ಟಲ್ಲಿ ಒಬ್ಬನೇ ನಿಂತು ಗಂಟೆಗಟ್ಲೆ ಮಾತಾಡಿ ಮಾತಾಡಿ ಗಂಟಲು ಹೋಗಿರೋ ಥರ ಕೇಳ್ಬೇಕು ಅಂತ ಡಾಕ್ಟರ್ ಕೈಲಿ ಪಾದರಸದ ಔಷಧ ಗಂಟಲಿಗೆ ಹಚ್ಚಿಸ್ಕೊಂಡು ಶೂಟಿಂಗ್ ಮಾಡಿದ್ರು. ಅದನ್ನ ಕೇಳಿ ಅಪ್ಪ ಹಲ್ಲು ಕಚ್ಚಿಕೊಂಡ್ರು.

ಸ್ಟುವರ್ಟ್ ಹೆಸರಿನ ಮ್ಯೂಸಿಯಂ ಇರೋದು ಅದೇ ರಸ್ತೇಲಿ, ಲೈಬ್ರರಿ ಕಟ್ಟಡದ ಮೂರನೇ ಮಹಡೀಲಿ. 1995ರಲ್ಲಿ ಶುರುವಾಗಿದ್ದು. ದೊಡ್ಡದೇನಲ್ಲ, ನಾಲ್ಕಾರು ರೂಮು, ಗೋಡೆ ತುಂಬ ಪೋಸ್ಟರು, ಹಳೇ ಕಾಲದ ಥರದ ಒಂದು ಪುಟ್ಟ ಥಿಯೇಟರ್. ಅವತ್ತು ನಮ್ಮ ಜೊತೆ ಇನ್ನೊಂದು ವಯಸ್ಸಾದ ಜೋಡಿ ಬಿಟ್ರೆ ಯಾರೂ ಇರ್ಲಿಲ್ಲ, ಅದು ಒಳ್ಳೇದೇ ಆಯ್ತು, ಅಪ್ಪ ಒಂದೊಂದರ ಮುಂದೆನೂ ನಿಂತು ಓದಿ ಹೇಳು ಅಂತ ಕೇಳೋರು, ನಾನು ಜೋರಾಗಿ ಕನ್ನಡದಲ್ಲಿ ಹೇಳ್ತಾ ಹೋದೆ. ಸುಮಾರು 80 ಪಿಕ್ಚರು. ಮೊದಲ ಕೆಲವು ವರ್ಷದ್ದೆಲ್ಲ ನಾವು ಬೇಗ ದಾಟಿದ್ವಿ, ಸೈಡ್ ರೋಲುಗಳು, ಒಂದರಲ್ಲಿ ಹಾಡೂ ಹೇಳಿದಾರೆ. ಹುಡುಗನಾಗಿದ್ದಾಗ ಅವರಪ್ಪಂಗೆ ಯಾರೋ ಕೊಟ್ಟ ಅಕಾರ್ಡಿಯನ್ನ ಊರಿನ ಕ್ಷೌರಿಕನ ಹತ್ರ ಕಲಿತಿದ್ರು ಅಂತ ನಾನು ಹೇಳಿದ್ದಕ್ಕೆ ಮಾತ್ರ ಅಪ್ಪ ಖುಷಿಪಟ್ರು, ಅಂಗಡಿ ಅಂದ್ರೆ ಇಂಥದ್ದೆಲ್ಲ ಬಂದು ಬೀಳ್ತಿರತ್ತೆ ಕಣಮ್ಮ ಅಂದ್ರು.

ಮಿಲಿಟರಿ ಬಟ್ಟೆ ಹಾಕ್ಕೊಂಡಿರೋ ಫೋಟೋಗಳ ಹತ್ರ ಬಂದಾಗ ಅಪ್ಪ ನಿಧಾನ ಆದ್ರು. ಆಸ್ಕರ್ ಬಂದ ತಿಂಗಳೊಪ್ಪತ್ತಲ್ಲೇ, 1941ರ ಮಾರ್ಚಲ್ಲಿ, ಸಾದಾ ಸಿಪಾಯಿಯಾಗಿ ಸೈನ್ಯ ಸೇರಿದ್ರು ಈ ಮನುಷ್ಯ. ಮೊದಲ ಸಲ ತೂಕ ಕಮ್ಮಿ ಅಂತ ವಾಪಸ್ ಕಳಿಸಿದ್ರು, ತಿಂದು ತೂಕ ಏರಿಸ್ಕೊಂಡು ಮತ್ತೆ ಹೋದ್ರು. ವಿಮಾನ ಓಡಿಸೋದು ಮೊದಲೇ ಗೊತ್ತಿತ್ತು. ಸ್ಟಾರ್ ಅಂತ ಪ್ರಚಾರಕ್ಕೆ, ಟ್ರೈನಿಂಗ್ ಕೊಡೋಕೆ ಇಟ್ಕೊಂಡಿದ್ರು, ಇವರು ಕೇಳಿ ಕೇಳಿ ಕೊನೆಗೆ 1943ರ ನವೆಂಬರಲ್ಲಿ ಇಂಗ್ಲೆಂಡಿಗೆ ಹೋದ್ರು. ಬಿ-24 ಬಾಂಬರ್, ಜರ್ಮನಿ ಮೇಲೆ ದಾಳಿ, ಲೆಕ್ಕಕ್ಕೆ ಬಂದಿರೋದೇ 20. ಹೊರಡೋ ಮುಂಚೆ ಅಲೆಕ್ಸಾಂಡರ್ ಮಗನ ಕೈಗೆ ಒಂದು ಕಾಗದ ಕೊಟ್ಟಿದ್ರು, ಅದರ ಜೊತೆ ಬೈಬಲ್ಲಿನ 91ನೇ ಕೀರ್ತನೆ, ರಾತ್ರಿಯ ಭಯಕ್ಕೂ ಹಗಲು ಹಾರೋ ಬಾಣಕ್ಕೂ ಅಂಜಬೇಡ ಅನ್ನೋ ಪ್ರಾರ್ಥನೆ. ಅಲೆಕ್ಸಾಂಡರ್‌ಗೇನು ಯುದ್ಧ ಗೊತ್ತಿಲ್ಲದ್ದಲ್ಲ, ಅವರೇ ಎರಡು ಯುದ್ಧಕ್ಕೆ ಹೋಗಿ ಬಂದಿದ್ದೋರು.

1945ರಲ್ಲಿ ಕರ್ನಲ್ ಆಗಿ ವಾಪಸ್ ಬಂದ್ರು. ಮುಂಚಿನ ಫೋಟೋ, ಆಮೇಲಿನ ಫೋಟೋ ಎರಡನ್ನೂ ಅಪ್ಪ ಹಿಂದೆ ಮುಂದೆ ಓಡಾಡಿ ನೋಡಿದ್ರು. ನಾಲ್ಕು ವರ್ಷಕ್ಕೆ ಹತ್ತು ವರ್ಷ ಆಗಿರೋ ಮುಖ. ತನ್ನ ಯುದ್ಧದ ಕಥೆ ಇಟ್ಕೊಂಡು ಯಾರೂ ಪಿಕ್ಚರಿಗೆ ಪ್ರಚಾರ ಮಾಡ್ಬಾರ್ದು ಅಂತ ಕಂಪನಿಯವರಿಗೆ ಖಡಾಖಂಡಿತವಾಗಿ ಹೇಳಿದ್ರು, ಈ ಒಂದು ಮಾತಿಗೇ ನಾನು ಈ ನಟನ್ನ ಜೀವನಪೂರ್ತಿ ಗೌರವಿಸ್ತೀನಿ.

ವಾಪಸ್ ಬಂದು ಮಾಡಿದ ಮೊದಲ ಪಿಕ್ಚರು ಇಟ್ಸ್ ಎ ವಂಡರ್‌ಫುಲ್ ಲೈಫ್, 1946. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಸಣ್ಣ ಊರಿನ ಹುಡುಗ ಜಾರ್ಜ್ ಬೇಲಿ, ಊರು ಬಿಟ್ಟು ಹೋಗ್ಬೇಕು, ಜಗತ್ತು ನೋಡ್ಬೇಕು, ದೊಡ್ಡ ದೊಡ್ಡ ಕಟ್ಟಡ ಸೇತುವೆ ಕಟ್ಬೇಕು ಅಂತ ಕನಸು, ಅಷ್ಟರಲ್ಲಿ ಅಪ್ಪ ತೀರ್ಕೋತಾರೆ, ಜನರಿಗೆ ಮನೆ ಕಟ್ಟೋಕೆ ಸಾಲ ಕೊಡೋ ಅಪ್ಪನ ಸಣ್ಣ ಸಂಸ್ಥೆ ಮುಚ್ಚಿಹೋಗ್ಬಾರ್ದು ಅಂತ ಇವನೇ ಆ ಕುರ್ಚೀಲಿ ಕೂರ್ತಾನೆ, ಕೂತೋನು ಏಳೋದೇ ಇಲ್ಲ. ಒಂದು ಹಂತದಲ್ಲಿ ದುಡ್ಡು ಕಳ್ದೋಗಿ, ಜೈಲಿಗೆ ಹೋಗೋ ಪರಿಸ್ಥಿತಿ ಬಂದು, ಬಾರಲ್ಲಿ ಕೂತು ದೇವರನ್ನ ಬೇಡ್ಕೋತಾನೆ. ಆ ಸೀನಲ್ಲಿ ಸ್ಟುವರ್ಟ್‌ಗೆ ನಿಜವಾಗ್ಲೂ ಅಳು ಬಂದ್ಬಿಡ್ತು, ಹಂಗೆ ಅಳ್ಬೇಕು ಅಂತ ಮೊದಲೇ ಅಂದ್ಕೊಂಡಿದ್ದಲ್ಲ, ಕ್ಯಾಮೆರಾ ದೂರ ಇತ್ತು. ಡೈರೆಕ್ಟರ್ ಫ್ರಾಂಕ್ ಕ್ಯಾಪ್ರಾ ಅದನ್ನ ಇನ್ನೊಂದು ಸಲ ತೆಗೆಯೋಕೆ ಹೋಗ್ಲಿಲ್ಲ, ಲ್ಯಾಬಲ್ಲಿ ಅದೇ ಶಾಟನ್ನ ದೊಡ್ಡದು ಮಾಡಿಸಿ ಮುಖ ಹತ್ರ ತಂದ್ರು. ಪಿಕ್ಚರ್ ಆವಾಗ ದುಡ್ಡು ಮಾಡ್ಲಿಲ್ಲ. 1974ರಲ್ಲಿ ಕಾಪಿರೈಟ್ ರಿನ್ಯೂ ಮಾಡೋದು ತಪ್ಪಿಹೋಗಿ ಟೀವಿಯವರೆಲ್ಲ ಪ್ರತಿ ಕ್ರಿಸ್ಮಸ್ಸಿಗೆ ಹಾಕೋಕೆ ಶುರು ಮಾಡಿದ್ಮೇಲೇ ಅದು ಮನೆ ಮನೆ ಪಿಕ್ಚರ್ ಆಗಿದ್ದು.

ಆ ಸೀನನ್ನ ನಾನು ಮೊಬೈಲಲ್ಲೇ ಅಪ್ಪಂಗೆ ತೋರಿಸಿದೆ, ಅಲ್ಲೇ ಬೆಂಚಿನ ಮೇಲೆ ಕೂತು. ತುಟಿ ನಡುಗೋದು, ಕೈ ಬಾಯಿ ಹತ್ರ ಹೋಗೋದು, ಆ ಅರ್ಧ ಅರ್ಧ ಮಾತು. ಅಪ್ಪ ಎರಡು ಸಲ ನೋಡಿದ್ರು. ಆಮೇಲೆ ಕೇಳಿದ್ರು, "ಹಂಗಾದ್ರೆ ಇವನು ಪಿಕ್ಚರಲ್ಲಿ ಅಪ್ಪನ ಜಾಗದಲ್ಲಿ ಕೂತ?"

ಹೂಂ ಅಪ್ಪ, ಪಿಕ್ಚರಲ್ಲಿ ಕೂತ.

ಅಷ್ಟು ಹೊತ್ತೂ ನನ್ನ ತಲೇಲಿ ಓಡ್ತಿದ್ದದ್ದು ಒಂದೇ. ಎರಡು ವರ್ಷದ ಹಿಂದೆ ಅಪ್ಪ ಅಂಗಡೀನ ಅಲ್ಲೇ ಕೆಲಸಕ್ಕಿದ್ದ ಹುಡುಗನಿಗೆ ಬಿಟ್ಟುಕೊಟ್ರು, ನಾನೊಬ್ಳೇ ಮಗಳು, ನಾನಿಲ್ಲಿ. ಅದರ ಬಗ್ಗೆ ನಾವಿಬ್ರೂ ಯಾವತ್ತೂ ಸರಿಯಾಗಿ ಮಾತಾಡಿರ್ಲಿಲ್ಲ, ಫೋನಲ್ಲಿ ವ್ಯವಹಾರದ ಮಾತು ಆಡಿದ್ವಿ ಅಷ್ಟೇ. ನನ್ನ ಕಾನ್ವೊಕೇಶನ್ ಫೋಟೋ ಅಂಗಡೀಲಿ ಲಕ್ಷ್ಮಿ ಪಟದ ಪಕ್ಕ, ತಕ್ಕಡಿ ಮೇಲಕ್ಕೆ ಸರಿಯಾಗಿ ತೂಗುಹಾಕಿತ್ತು, ಬಂದ ಗಿರಾಕಿಗೆಲ್ಲ ಕಾಣೋ ಹಂಗೆ. ಕೇಳ್ಬೇಕೋ ಬೇಡ್ವೋ ಅಂತ ಅನ್ನಿಸ್ತಿತ್ತು, ಕೇಳೇಬಿಟ್ಟೆ, ಅಪ್ಪ ಆ ಫೋಟೋ ಈಗೆಲ್ಲಿದೆ?

"ಅಲ್ಲೇ ಇದೆ. ತೆಗೀಬೇಡಪ್ಪ ಅಂತ ಹೇಳಿದೀನಿ ಅವನಿಗೆ. ದಿನಾ ಲಕ್ಷ್ಮಿಗೆ ಹೂ ಹಾಕೋವಾಗ ಒರೆಸ್ತಾನೆ."

ನಾನು ಏನೂ ಹೇಳೋಕಾಗ್ಲಿಲ್ಲ, ಎದ್ದು ಪಕ್ಕದ ರೂಮಿಗೆ ಹೋದ್ವಿ.

ಅಲ್ಲಿ 1950ರ ನಂತರದ್ದು. ನನಗೆ ಸ್ಟುವರ್ಟ್ ತುಂಬ ದೊಡ್ಡ ನಟ ಅನ್ನಿಸೋದು ಇಲ್ಲಿಂದಲೇ. ಯುದ್ಧಕ್ಕೆ ಮುಂಚೆ ಅವರ ತಡವರಿಕೆ ಅಂದ್ರೆ ನಾಚಿಕೆ, ಹುಡುಗತನ, ನೋಡಿದ್ರೆ ಮುದ್ದು ಬರತ್ತೆ. ಆಮೇಲೆ ಅದೇ ತಡವರಿಕೆ ಒಳಗಡೆ ಏನೋ ಕುದೀತಿರೋದನ್ನ ಅದುಮಿಟ್ಕೊಳ್ಳೋ ಮನುಷ್ಯಂದು. ಡೈರೆಕ್ಟರ್ ಆಂಥನಿ ಮ್ಯಾನ್ ಜೊತೆ ಮಾಡಿದ ಕೌಬಾಯ್ ಪಿಕ್ಚರುಗಳು, ವಿಂಚೆಸ್ಟರ್ 73, ದಿ ನೇಕೆಡ್ ಸ್ಪರ್, ದಿ ಮ್ಯಾನ್ ಫ್ರಮ್ ಲಾರಮಿ, ಇವುಗಳಲ್ಲಿ ಒಂದೊಂದ್ಸಲ ಆ ಕಣ್ಣು ನೋಡಿದ್ರೆ ಭಯ ಆಗತ್ತೆ. 1958ರ ವರ್ಟಿಗೋ ಅಂತೂ ಸರಿಯೇ, ಸತ್ತುಹೋದ ಹೆಂಗಸಿನ ಥರ ಇನ್ನೊಬ್ಬಳಿಗೆ ಬಟ್ಟೆ ಹಾಕಿಸಿ, ಕೂದಲು ಬದಲಾಯಿಸಿ, ಅವಳನ್ನ ಅವಳಾಗಿ ಇರೋಕೇ ಬಿಡದ ಮನುಷ್ಯ. ಬಂದಾಗ ಜನ ಅಷ್ಟಾಗಿ ಒಪ್ಪಲಿಲ್ಲ, 2012ರಲ್ಲಿ ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆ ಇದುವರೆಗಿನ ಪಿಕ್ಚರುಗಳಲ್ಲಿ ಅತ್ಯುತ್ತಮ ಯಾವುದು ಅಂತ ವಿಮರ್ಶಕರನ್ನ ಕೇಳಿದಾಗ ಸಿಟಿಜನ್ ಕೇನ್ ಪಿಕ್ಚರನ್ನೂ ಹಿಂದೆ ಹಾಕಿ ಮೊದಲನೇ ಸ್ಥಾನಕ್ಕೆ ಬಂತು. ಅಪ್ಪಂಗೆ ಅದನ್ನ ಮನೇಲಿ ತೋರಿಸಿದ್ದೆ, ಆ ವಾರಾನೇ. ಇವನು ಹಿಂಗೆ ಮಾಡಬಾರ್ದಿತ್ತು ಅಂತ ನಿಜವಾಗ್ಲೂ ನೊಂದ್ಕೊಂಡಿದ್ರು. ಒಳ್ಳೇವ್ನು ಅಂತ ನಾವು ನಂಬಿರೋ ಮುಖಾನೇ ಅದನ್ನ ಮಾಡೋದ್ರಿಂದ ಆ ನೋವು ಅಷ್ಟು ಬರೋದು ಅಂತ ನನಗನ್ಸತ್ತೆ.

ಅಪ್ಪನ ವ್ಯಾಪಾರದ ಬುದ್ಧಿಗೆ ಹಿಡಿಸಿದ್ದು ವಿಂಚೆಸ್ಟರ್ 73 ಕಥೆ. ಸ್ಟುವರ್ಟ್ ಕೇಳೋ ಸಂಬಳ ಕೊಡೋಕೆ ಯೂನಿವರ್ಸಲ್ ಕಂಪನಿಗೆ ಆಗ್ಲಿಲ್ಲ, ಅದಕ್ಕೆ ಏಜೆಂಟ್ ಲೂ ವಾಸರ್‌ಮನ್ ಸಂಬಳ ಬೇಡ, ಲಾಭದಲ್ಲಿ ಪಾಲು ಕೊಡಿ ಅಂತ ಒಪ್ಪಂದ ಮಾಡಿಸಿದ. ಪಿಕ್ಚರ್ ಓಡ್ತು, ಸಂಬಳಕ್ಕಿಂತ ಎಷ್ಟೋ ಜಾಸ್ತಿ ಬಂತು, ಅದನ್ನ ನೋಡಿ ಬೇರೆ ಸ್ಟಾರುಗಳೂ ಅದೇ ದಾರಿ ಹಿಡಿದ್ರು, ತಿಂಗಳ ಸಂಬಳಕ್ಕೆ ನಟರನ್ನ ಕಟ್ಟಿಹಾಕಿದ್ದ ಕಂಪನಿಗಳ ಹಿಡಿತ ಸಡಿಲ ಆಗ್ತಾ ಬಂತು. "ಮಾಲು ಹೋದ್ರೆ ದುಡ್ಡು ಕೊಡು ಅಂದಂಗೆ. ಮಾಲಿನ ಮೇಲೆ ನಂಬಿಕೆ ಇದ್ದೋನು ಮಾತ್ರ ಹಂಗೆ ಕೇಳೋದು" ಅಂದ್ರು ಅಪ್ಪ.

ಕೊನೆಕೊನೆಯದನ್ನೆಲ್ಲ ಸುಮ್ನೆ ನೋಡ್ಕೊಂಡು ಬಂದ್ವಿ. 1959ರ ಅನಾಟಮಿ ಆಫ್ ಎ ಮರ್ಡರ್ ವಕೀಲನ ಪಾತ್ರ, 1962ರಲ್ಲಿ ಜಾನ್ ವೇನ್ ಜೊತೆ ದಿ ಮ್ಯಾನ್ ಹೂ ಶಾಟ್ ಲಿಬರ್ಟಿ ವಾಲನ್ಸ್, 1985ರಲ್ಲಿ ಕೊಟ್ಟ ಗೌರವ ಆಸ್ಕರ್. 1949ರಲ್ಲಿ, 41ನೇ ವಯಸ್ಸಲ್ಲಿ, ಗ್ಲೋರಿಯಾನ ಮದುವೆ ಆದ್ರು, ಆಕೆಗೆ ಮೊದಲ ಮದುವೆಯಿಂದ ಇಬ್ಬರು ಗಂಡು ಮಕ್ಕಳು, ಆಮೇಲೆ ಅವಳಿ ಹೆಣ್ಣು ಮಕ್ಕಳು. ಆ ಗಂಡು ಮಕ್ಕಳಲ್ಲಿ ದೊಡ್ಡವನು ರೊನಾಲ್ಡ್ 1969ರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ತೀರ್ಕೊಂಡ. ಅಪ್ಪ ಕೈ ಮುಗಿದ್ರು. ಗ್ಲೋರಿಯಾ ಹೋಗಿದ್ದು 1994ರಲ್ಲಿ, ಆಮೇಲೆ ಸ್ಟುವರ್ಟ್ ಹೆಚ್ಚೂಕಮ್ಮಿ ಮನೆಯಿಂದ ಹೊರಗೇ ಬರ್ಲಿಲ್ಲ, 1997ರ ಜುಲೈ 2ರಂದು ಹೋದ್ರು. ಅಮ್ಮ ಹೋದ್ಮೇಲೆ ಅಪ್ಪ ಇದ್ದದ್ದೂ ಹಂಗೇ, ಅದಕ್ಕೇ ನಾನು ಇಲ್ಲಿಗೆ ಕರ್ಕೊಂಡು ಬಂದಿದ್ದು, ಅದನ್ನ ಓದಿ ಹೇಳೋವಾಗ ನನ್ನ ದನಿ ಸಣ್ಣ ಆಯ್ತು.

ವಾಪಸ್ ಬರ್ತಾ ಕಾರಲ್ಲಿ ಪೈ ಬಗ್ಗೆ ಹೇಳಿದೆ. ಪೈ ಅಂದ್ರೆ ಕುದುರೆ, ಸುಮಾರು 20 ವರ್ಷ ಸ್ಟುವರ್ಟ್‌ನ ಕೌಬಾಯ್ ಪಿಕ್ಚರುಗಳಲ್ಲಿ ಅದೇ ಕುದುರೆ. ಕೊಂಡ್ಕೊಳ್ತೀನಿ ಅಂತ ಎಷ್ಟು ಕೇಳಿದ್ರೂ ಅದರ ಒಡತಿ ಕೊಡಲೇ ಇಲ್ಲ. ಹಳೇ ರೂಮ್‌ಮೇಟ್ ಹೆನ್ರಿ ಫೊಂಡಾ ಆ ಕುದುರೆಯ ಚಿತ್ರ ಬರೆದು ಸ್ಟುವರ್ಟ್‌ಗೆ ಕೊಟ್ಟಿದ್ರು. ದಿ ಫಾರ್ ಕಂಟ್ರಿ ಪಿಕ್ಚರಲ್ಲಿ ರಾತ್ರಿ ಹೊತ್ತು ಆ ಕುದುರೆ ಮೇಲೆ ಯಾರೂ ಇಲ್ದೆ, ಜೀನಿಗೆ ಕಟ್ಟಿದ ಗಂಟೆ ಅಲ್ಲಾಡಿಸ್ಕೊಂಡು ಬೀದಿ ಉದ್ದಕ್ಕೂ ನಡ್ಕೊಂಡು ಹೋಗ್ಬೇಕು. ಸ್ಟುವರ್ಟ್ ಅದರ ಕಿವೀಲಿ ಏನು ಮಾಡ್ಬೇಕು ಅಂತ ಪಿಸುಗುಟ್ಟಿದ್ರಂತೆ, ಅದು ಹಂಗೇ ನಡ್ಕೊಂಡು ಹೋಯ್ತು.

ಮನೆಗೆ ಬಂದು ಕೈಕಾಲು ತೊಳ್ಕೊಂಡು, ಅನ್ನ ಸಾರು ಉಂಡು, ಅಪ್ಪ ಕಿಟಕಿ ಹತ್ರ ಹೋಗ್ಲಿಲ್ಲ, ನೇರ ಬಂದು ಸೋಫಾ ಮೇಲೆ ಕೂತ್ರು. "ಆ ಕುದುರೆದು ಹಾಕಮ್ಮ" ಅಂದ್ರು. ಗಂಟೆ ಸದ್ದು ಬರೋವಾಗ ಟೀವಿ ವಾಲ್ಯೂಮ್ ಜಾಸ್ತಿ ಮಾಡಿಸಿದ್ರು.