ಐದನೇ ತರಗತಿಯ ಟರ್ಮ್ ಲಾಗ್: ಕಾಗದದ ಪಟ್ಟಿ, ಬ್ಯಾಟನ್, ನಿದ್ದೆಯ ಲೆಕ್ಕ

ಭಿನ್ನರಾಶಿ

ವೃತ್ತ ಬರೆದು ಭಾಗ ಮಾಡಿಸುವುದನ್ನು ಕೈಬಿಟ್ಟಿದ್ದೇವೆ. ಮಕ್ಕಳ ಕೈಯಲ್ಲಿ ವೃತ್ತ ಮೂರು ಸಮಭಾಗವಾಗುವುದು ಅಪರೂಪ, ಭಾಗಗಳು ಸಮ ಇಲ್ಲದಿದ್ದರೆ ಮುಂದಿನ ಪಾಠಕ್ಕೆ ನೆಲೆಯೇ ಇರುವುದಿಲ್ಲ. ಈ ಟರ್ಮ್ ಪೂರ್ತಿ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಕಾಗದದ ಪಟ್ಟಿ. 2, 3, 4, 6, 8, 12 ಇವೆಲ್ಲ 24ನ್ನು ಶೇಷವಿಲ್ಲದೆ ಭಾಗಿಸುತ್ತವೆ. ಹಾಗಾಗಿ ಸ್ಕೇಲ್ ಇಟ್ಟು ಗುರುತು ಹಾಕಿ ಮಡಚಿದರೆ ಆಯಿತು. ಪ್ರತಿ ಮಗುವಿಗೆ ಏಳು ಪಟ್ಟಿ: ಒಂದು ಇಡಿಯದು, ಆರು ಭಾಗ ಮಾಡಿದವು.

ಐದನೇ ಒಂದು, ಹತ್ತನೇ ಒಂದು ಬೇಕಾದಾಗ 30 ಸೆಂ.ಮೀ.ನ ಇನ್ನೊಂದು ಸೆಟ್. ಇದನ್ನು ಬೇರೆ ಲಕೋಟೆಯಲ್ಲೇ ಇಡಬೇಕು. 30ರಲ್ಲಿ 1/5 ಎಂದರೆ 6 ಸೆಂ.ಮೀ., 24ರಲ್ಲಿ 1/4 ಎಂದರೂ 6 ಸೆಂ.ಮೀ. ಎರಡು ಸೆಟ್ ಬೆರೆತರೆ 1/5 ಮತ್ತು 1/4 ಸಮ ಎಂದು ಮಗು ಕಣ್ಣಾರೆ ಕಂಡು ನಂಬಿಬಿಡುತ್ತದೆ.

ಅತಿ ಗಟ್ಟಿಯಾದ ತಪ್ಪು 1/3 + 1/4 = 2/7. ಇದನ್ನು ಕೆಂಪು ಶಾಯಿಯಿಂದ ತಿದ್ದಿ ಪ್ರಯೋಜನವಿಲ್ಲ. 1/3ರ ತುಂಡು 8 ಸೆಂ.ಮೀ., 1/4ರದು 6. ಎರಡನ್ನೂ ತುದಿಗೆ ತುದಿ ಜೋಡಿಸಿದರೆ 14. ಹನ್ನೆರಡನೇ ಒಂದರ ತುಂಡು 2 ಸೆಂ.ಮೀ., ಆ ಉದ್ದಕ್ಕೆ ಅಂಥವು ಏಳು ಹಿಡಿಯುತ್ತವೆ. ಉತ್ತರ 7/12. ಆಮೇಲೆ ಒಂದೇ ಪ್ರಶ್ನೆ: 2/7 ಎಂಬುದು 1/3ಕ್ಕಿಂತಲೂ ಚಿಕ್ಕದು, ಕೂಡಿದ ಮೇಲೆ ಕಡಿಮೆ ಆಗುವುದು ಹೇಗೆ? ಛೇದ ಸಮ ಮಾಡುವ ನಿಯಮವನ್ನು ಇಷ್ಟಾದ ನಂತರವೇ ಬೋರ್ಡಿಗೆ ತರುತ್ತೇವೆ. ಮೊದಲೇ ಹೇಳಿಕೊಟ್ಟರೆ ಮಕ್ಕಳು ನಿಯಮ ಹಿಡಿದುಕೊಂಡು ಅಳತೆ ಬಿಡುತ್ತಾರೆ.

ಓದಿನಲ್ಲಿ ಹೊಸದೇನಿಲ್ಲ: ಒಂದೇ ಪುಟ್ಟ ಭಾಗವನ್ನು ಜೋಡಿಯಾಗಿ ಮೂರ್ನಾಲ್ಕು ಬಾರಿ ಗಟ್ಟಿಯಾಗಿ ಓದುವುದು ಮುಂದುವರಿದಿದೆ. ತೊಡರು ಹೆಚ್ಚಾಗಿ ಒತ್ತಕ್ಷರದಲ್ಲೇ.

ಮೈದಾನ: 4×50 ರಿಲೇ

ನಾಲ್ವರು, ತಲಾ 50 ಮೀಟರ್. ಒಬ್ಬರಿಂದ ಒಬ್ಬರಿಗೆ ದಾಟಿಸುವ ಕೋಲು, ಅಂದರೆ ಬ್ಯಾಟನ್, ನಿಯಮದ ಉದ್ದದ್ದೇ, 28ರಿಂದ 30 ಸೆಂ.ಮೀ. ಅದು ಕೈ ಬದಲಾಗಬೇಕಾದ ಜಾಗ, ಅಂದರೆ ಬದಲಾವಣೆಯ ವಲಯ, 20 ಮೀಟರ್, ಎರಡೂ ತುದಿಗೆ ಕೋನ್. (ದೊಡ್ಡವರ 4×100ರಲ್ಲಿ ವಲಯ 30 ಮೀಟರ್.) ಕೈಗಳ ಕ್ರಮ ಬಲ, ಎಡ, ಬಲ, ಎಡ. ಓಡುತ್ತಾ ಕೈ ಬದಲಿಸುವುದು ಬೇಡ, ಬ್ಯಾಟನ್ ಬೀಳುವ ಸಂದರ್ಭಗಳಲ್ಲಿ ಅದೂ ಒಂದು.

ಪಡೆಯುವವರು ನಿಂತ ಜಾಗದಿಂದ ಹಿಂದಕ್ಕೆ 12 ಪಾದ ಅಳೆದು ಗುರುತು ಹಾಕುತ್ತೇವೆ. ಬರುವವರು ಆ ಗುರುತು ಮುಟ್ಟಿದ ಕ್ಷಣವೇ ಮುಂದಿನವರು ಓಟ ಶುರು ಮಾಡಬೇಕು. ಬರುವವರು ಮೈಮೇಲೆ ಬಂದುಬಿಟ್ಟರೆ ಗುರುತನ್ನು ಇನ್ನೂ ಹಿಂದೆ ಸರಿಸಿ. ಕೈಗೆ ಸಿಗದೆ ಹೋದರೆ ಹತ್ತಿರ ತನ್ನಿ. ಒಂದು ಸಲಕ್ಕೆ ಒಂದೇ ಪಾದ. ಅಳೆಯುವ ಪಾದ ಪ್ರತಿ ಬಾರಿ ಅದೇ ಮಗುವಿನದು, ಅದೇ ಶೂ ಹಾಕಿದ್ದು ಆಗಿರಬೇಕು, ಇಲ್ಲದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ.

ಕಾಣುವ ತಪ್ಪುಗಳು ಮುಖ್ಯವಾಗಿ ಮೂರು. ಪಡೆಯುವವರು ಮೊದಲಿನಿಂದಲೇ ಕೈ ಹಿಂದೆ ಚಾಚಿ ಓಡುತ್ತಾರೆ, ವೇಗವೇ ಬರುವುದಿಲ್ಲ. ಕೊಡುವವರ ಕೂಗು ಕೇಳಿದ ಮೇಲಷ್ಟೇ ಕೈ ಚಾಚಬೇಕು. ತಿರುಗಿ ನೋಡುವುದು ಎರಡನೆಯದು. ಮೂರನೆಯದು ಕೊಡುವವರದು: ಕೊಡುವ ಮೊದಲೇ ನಿಧಾನವಾಗುವುದು. ಅಭ್ಯಾಸ ನಡಿಗೆಯಲ್ಲಿ ಶುರುವಾಗಿ ಜಾಗಿಂಗ್‌ಗೆ, ಆಮೇಲೆ ಪೂರ್ತಿ ವೇಗಕ್ಕೆ. ದಣಿದ ಮೇಲೆ ಪೂರ್ತಿ ವೇಗ ಮಾಡಿಸುವುದಿಲ್ಲ.

ಸ್ಟಾಪ್‌ವಾಚ್ ಬಂದ ಮೇಲೆ ದಶಮಾಂಶಕ್ಕೆ ಜೀವ ಬಂದಿದೆ. 9.8 ಮತ್ತು 9.75ರಲ್ಲಿ ಯಾರು ಮುಂದೆ? 75 ದೊಡ್ಡದು ಎಂದು ಹೇಳುವ ಮಗುವಿಗೆ 9.80 ಎಂದು ಬರೆದು ತೋರಿಸಿದರೆ ತಪ್ಪು ತಾನಾಗಿ ಹೊರಬರುತ್ತದೆ. ನಾಲ್ವರ ಒಂಟಿ ಓಟದ ಸಮಯ 9.8, 9.75, 10.2, 9.6 ಎಂದಿಟ್ಟುಕೊಳ್ಳಿ, ಮೊತ್ತ 39.35 ಸೆಕೆಂಡ್. ರಿಲೇಯಲ್ಲಿ ಕೊನೆಯ ಮೂವರು ಓಡುತ್ತಲೇ ಬ್ಯಾಟನ್ ಪಡೆಯುವುದರಿಂದ ತಂಡದ ಸಮಯ ಇದಕ್ಕಿಂತ ಕಡಿಮೆ ಬರಬೇಕು. 40.1 ಬಂದರೆ ಕಾಲು ಓಡಿದೆ, ಕೈ ಸೋತಿದೆ ಎಂದರ್ಥ. ಕೈಯಿಂದ ಒತ್ತುವ ಗಡಿಯಾರವಾದ್ದರಿಂದ ಸೆಕೆಂಡಿನ ನೂರನೇ ಭಾಗವನ್ನು ತೀರ್ಮಾನಕ್ಕೆ ಬಳಸುವುದಿಲ್ಲ, ಲೆಕ್ಕಕ್ಕೆ ಮಾತ್ರ.

ನಿದ್ದೆ, ಮನಸ್ಸು

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಮಲಗಿದ್ದು, ಎದ್ದದ್ದು, ಎರಡನ್ನೇ ಒಂದು ವಾರ ಬರೆಯುವುದು. ರಾತ್ರಿ 9:40ರಿಂದ ಬೆಳಿಗ್ಗೆ 6:15ಕ್ಕೆ 8 ಗಂಟೆ 35 ನಿಮಿಷ. ಇದನ್ನು 8.35 ಗಂಟೆ ಎಂದು ಬರೆಯುವವರು ಪ್ರತಿ ಸಾಲಿನಲ್ಲೂ ಸಿಗುತ್ತಾರೆ, ದಶಮಾಂಶದ ಪಾಠಕ್ಕೆ ಒಳ್ಳೆಯ ಅವಕಾಶ ಅದು.

ಹಾಳೆಗಳನ್ನು ಗೋಡೆಗೆ ಅಂಟಿಸುವುದಿಲ್ಲ. ಎಲ್ಲರೂ ನೋಡುತ್ತಾರೆಂದರೆ ಮಕ್ಕಳು ನಿಜ ಬಿಟ್ಟು ಚೆಂದದ ಸಂಖ್ಯೆ ಬರೆಯುತ್ತಾರೆ. ಮನಸ್ಥಿತಿಯ ಚೀಟಿಗೂ ಇದೇ ನಿಯಮ: ಇವತ್ತು ಹೇಗಿದ್ದೀಯ ಎಂಬುದಕ್ಕೆ ಒಂದು ಗುರುತು, ಕೆಳಗೆ ‘ಯಾರೊಂದಿಗಾದರೂ ಮಾತಾಡಬೇಕೆ’ ಎಂಬ ಚೌಕ. ಆ ಚೌಕ ತುಂಬಿದ ಮಗುವನ್ನು ಅದೇ ದಿನ ಮಾತಾಡಿಸಲೇಬೇಕು. ಒಮ್ಮೆ ತಪ್ಪಿದರೆ ಮುಂದೆ ಅದು ಖಾಲಿಯೇ ಬರುತ್ತದೆ. ಗುಟ್ಟಾಗಿಡುತ್ತೇವೆ ಎಂಬ ಮಾತು ಕೊಡುವುದಿಲ್ಲ. ಅಪಾಯದ ವಿಷಯವಿದ್ದರೆ ದೊಡ್ಡವರಿಗೆ ಹೇಳಲೇಬೇಕಾಗುತ್ತದೆ ಎಂದು ಮೊದಲೇ ತಿಳಿಸಿದ್ದೇವೆ.

ಉಸಿರಾಟ: ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ, ಹಿಡಿದಿಡುವುದಿಲ್ಲ. ಇದನ್ನು ಶಾಂತವಾಗಿರುವಾಗಲೇ ರೂಢಿ ಮಾಡಿಸುತ್ತೇವೆ. ಅಳುವ ಮಗುವಿಗೆ ಆ ಹೊತ್ತಿನಲ್ಲಿ ಹೊಸದಾಗಿ ಕಲಿಸಲು ಆಗದು.

ಮುಂದಿನ ಟರ್ಮ್

ಭಿನ್ನರಾಶಿಯ ವ್ಯವಕಲನ, ಅದೇ ಪಟ್ಟಿಗಳಲ್ಲಿ. ರಜೆ ಮುಗಿಸಿ ಬಂದವರ ಪಾದವೂ ಓಟವೂ ಬದಲಾಗಿರುತ್ತವೆ, ಆದ್ದರಿಂದ ರಿಲೇ ಗುರುತುಗಳನ್ನೆಲ್ಲ ಮೊದಲ ವಾರವೇ ಹೊಸದಾಗಿ ಅಳೆಯಬೇಕು.