ಮದ್ದು ಬಿಡುವವರಿಗೆ ಒಂದು ಪಿನ್

ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆಗೆ ಮದ್ದು ಬಿಡುವವರನ್ನು ಬುಕ್ ಮಾಡಲು ಒಂದು ವೆಬ್ ಫಾರ್ಮ್ ಮಾಡಿಕೊಟ್ಟಿದ್ದೇನೆ. ವಿಳಾಸದ ಜಾಗದಲ್ಲಿ ಜನ ಬರೆಯುವುದು "ಕಟ್ಟೆಯಿಂದ ಕೆಳಗೆ, ತೋಡು ದಾಟಿ ಎರಡನೇ ಮನೆ" ಅಂತ. ಊರವರಿಗೆ ಅಷ್ಟು ಸಾಕು. ಪೆರ್ಲದಿಂದ ಬೈಕಲ್ಲಿ ಬರುವ ಹುಡುಗನಿಗೆ ಸಾಲದು ಅಲ್ವಾ?

ಅದಕ್ಕೆ ಲೀಫ್ಲೆಟ್ (ವೆಬ್ ಪುಟದಲ್ಲಿ ನಕ್ಷೆ ತೋರಿಸುವ ಕೋಡ್) ಮತ್ತು ಓಪನ್‌ಸ್ಟ್ರೀಟ್‌ಮ್ಯಾಪ್ (ಎಲ್ಲರಿಗೂ ಮುಕ್ತವಾದ ನಕ್ಷೆ) ಬಳಸಿ, ನಕ್ಷೆಯ ಮೇಲೆ ಪಿನ್ ಇಟ್ಟು ಜಾಗ ತೋರಿಸುವ ಲೊಕೇಶನ್ ಫೀಲ್ಡ್ ಸೇರಿಸಿದೆ. ಮೊದಲ ದಿನ ಉಳಿಸಿದ ಪಿನ್ ತೆರೆದರೆ ಸುತ್ತ ಬರೀ ನೀಲಿ ಸಮುದ್ರ, ಮೇಲ್ಗಡೆ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳು! ಲೀಫ್ಲೆಟ್‌ಗೆ ಅಕ್ಷಾಂಶ ಮೊದಲು, ಜಾಗದ ಮಾಹಿತಿ ಬರೆದಿಡುವ ಜಿಯೋಜೇಸನ್ ಮಾದರಿಗೆ ರೇಖಾಂಶ ಮೊದಲು. ನಮ್ಮೂರಿನ 12.5, 75 ತಿರುಗಿ 75, 12.5 ಆಗಿತ್ತು. ಈಗ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ, ದಶಮಾಂಶದ ನಂತರ 6 ಅಂಕಿಯವರೆಗೆ ಇಡುತ್ತೇನೆ. 5 ಅಂಕಿ ಇದ್ದರೇ ಸುಮಾರು ಒಂದು ಮೀಟರ್‌ವರೆಗೆ ನಿಖರವಾಗಿ ಜಾಗ ಸಿಗುತ್ತದೆ.

"ನಾನಿರುವ ಜಾಗ" ಬಟನ್ ಎಚ್‌ಟಿಟಿಪಿಎಸ್ (ಸುರಕ್ಷಿತ ಸಂಪರ್ಕ) ಇಲ್ಲದ ಸೈಟ್‌ನಲ್ಲಿ ಕೆಲಸ ಮಾಡುವುದಿಲ್ಲ. ತೋಟದೊಳಗೆ ಜಿಪಿಎಸ್ ಆಚೀಚೆ ಹೋಗುತ್ತದೆ, ಹಾಗಾಗಿ ಪಿನ್ ಎಳೆದು ಸರಿಮಾಡಲು ಬಿಟ್ಟಿದ್ದೇನೆ.

ವಿಳಾಸದ ಬಾಕ್ಸ್ ಮಾತ್ರ ತೆಗೆಯಲಿಲ್ಲ. ನೆರೆಮನೆಯ ಅಕ್ಕ ನಿನ್ನೆ ಅದರಲ್ಲಿ ಬರೆದಿದ್ದರು: "ಸಂಕ (ಕಾಲುಸೇತುವೆ) ಜಾರುತ್ತದೆ, ಮೇಲಿನ ದಾರಿಯಲ್ಲಿ ಬನ್ನಿ."