ತರೀಕೆರೆ ಮೇಲಿನ ಮೋಡದಲ್ಲಿ

ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ 2023ರಲ್ಲಿ ಏರ್‌ಪೋರ್ಟ್ ಆದಾಗಿಂದ ಅಲ್ಲಿ ಒಂದ್ಸಲ ನಾನೇ ವಿಮಾನ ಇಳಿಸ್ಬೇಕು ಅಂತ ಆಸೆ ಇತ್ತು. ಆ ದಿನ ಬಂದಾಗ ಅಪ್ಪಯ್ಯ ಬೆಳಗ್ಗೆನೇ ತೀರ್ಥಹಳ್ಳಿಯಿಂದ ಬಸ್ ಹತ್ತಿ ಬಂದು ಹೊರಗೆ ಕಾಯ್ತಾ ಕೂತಿದ್ರು. ನಾವು ಮೈಸೂರಿಂದ ಹೊರಟಿದ್ವಿ, ನಾನು ಮತ್ತೆ ನನ್ನ ಇನ್‌ಸ್ಟ್ರಕ್ಟರ್, ಹಳೇ ಸೆಸ್ನಾ 172, ಹೊರಗೆ ಏನೂ ಕಾಣದಿದ್ರೂ ಮೀಟರ್‌ಗಳನ್ನೇ ನೋಡಿ ಹಾರಿಸೋದನ್ನ ಕಲಿಯೋ ನನ್ನ ಇನ್‌ಸ್ಟ್ರುಮೆಂಟ್ ರೇಟಿಂಗ್ ಟ್ರೈನಿಂಗ್. ಅಕ್ಟೋಬರ್ ತಿಂಗಳು, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

ಚಿಕ್ಕಮಗಳೂರನ್ನ ಎಡಕ್ಕೆ ಬಿಟ್ಟು ಸ್ವಲ್ಪ ಮುಂದೆ ಬಂದಾಗ ಮೋಡದೊಳಗೆ ಹೋದ್ವಿ. 9,000 ಅಡಿ. ಎಡಗಡೆ ಬಾಬಾಬುಡನ್‌ಗಿರಿ ಸಾಲು, ಮುಳ್ಳಯ್ಯನಗಿರಿನೇ 1,930 ಮೀಟರ್ ಅಂದ್ರೆ ಸುಮಾರು 6,330 ಅಡಿ, ಹಾಗಾಗಿ ಆ ಕಡೆ ಹೋಗೋದು, ಕೆಳಗೆ ಇಳಿಯೋದು ಎರಡೂ ಬೇಡ ಅಂತ ಹೊರಡೋ ಮುಂಚೆನೇ ಮಾತಾಡ್ಕೊಂಡಿದ್ವಿ. ಹೊರಗೆ ಎಲ್ಲ ಬಿಳಿ, ರೆಕ್ಕೆ ತುದಿನೂ ಮಸುಕು.

ಸರ್ ರೇಡಿಯೋದಲ್ಲಿದ್ರು. ನಾನು ಹೊರೈಜನ್, ಅಂದ್ರೆ ವಿಮಾನ ಎಷ್ಟು ವಾಲಿದೆ ಅಂತ ತೋರಿಸೋ ಮೀಟರ್, ನೋಡ್ಕೊಂಡು ಹಾರಿಸ್ತಾ ಇದ್ದೆ, ಅದು ಮೆಲ್ಲಗೆ ಬಲಕ್ಕೆ ವಾಲ್ತಾ ಇರೋ ಹಾಗೆ ತೋರಿಸ್ತು, ನಾನು ಎಡಕ್ಕೆ ಸರಿ ಮಾಡ್ದೆ, ಮತ್ತೆ ವಾಲ್ತು, ಮತ್ತೆ ಎಡಕ್ಕೆ ಸರಿ ಮಾಡ್ದೆ. ಕಷ್ಟ ಇರೋದೇ ಇಲ್ಲಿ. ಹೊರೈಜನ್ ಕೆಟ್ಟಾಗ ಟಕ್ ಅಂತ ನಿಲ್ಲಲ್ಲ. ಎಂಜಿನ್ನಿಗೆ ಕೂಡಿಸಿರೋ ವ್ಯಾಕ್ಯೂಮ್ ಪಂಪ್ ಗಾಳಿ ಎಳೆಯುತ್ತೆ, ಆ ಗಾಳಿಗೆ ಒಳಗಿನ ಜೈರೋ ಬುಗುರಿ ಥರ ತಿರುಗುತ್ತೆ, ಪಂಪ್ ನಿಂತ್ರೂ ಬುಗುರಿ ತಕ್ಷಣ ಬೀಳಲ್ಲ, ವೇಗ ಕಮ್ಮಿ ಆಗ್ತಾ ಆಗ್ತಾ ವಾಲುತ್ತೆ, ನಾವು ಅದರ ಜೊತೆಗೇ ವಾಲ್ತೀವಿ. ನಮ್ಮ ವಿಮಾನದಲ್ಲಿ ಅದಕ್ಕೆ ವಾರ್ನಿಂಗ್ ಲೈಟೂ ಇರಲಿಲ್ಲ.

ಸ್ಪೀಡ್ ಏರ್ತಾ ಇದೆ, ಆಲ್ಟಿಮೀಟರ್‌ನಲ್ಲಿ 300 ಅಡಿ ಇಳಿದಿದೆ, ತಿರುವು ತೋರಿಸೋ ಟರ್ನ್ ಕೋಆರ್ಡಿನೇಟರ್ ಎಡಕ್ಕೆ ತೋರಿಸ್ತಿದೆ, ಕಾಂಪಸ್ಸೂ ತಿರುಗ್ತಿದೆ. ಹೊರೈಜನ್ ಒಂದೇ ರೆಕ್ಕೆ ಸಮ ಇದೆ ಅಂತಿರೋದು.

"ಸರ್, ಹೊರೈಜನ್ ಸುಳ್ಳು ಹೇಳ್ತಿದೆ."

ಅವರು ಮೊದಲು ನೋಡಿದ್ದು ಪಂಪ್ ಎಷ್ಟು ಎಳೀತಿದೆ ಅಂತ ತೋರಿಸೋ ಸಕ್ಷನ್ ಗೇಜ್. ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಮಾತಾಡದೆ ತೊಡೆ ಮೇಲಿನ ಬರೆಯೋ ನೀಪ್ಯಾಡ್‌ನಿಂದ ಹಾಳೆ ಹರಿದು ಎರಡು ತುಂಡು ಮಾಡಿ ಹೊರೈಜನ್ ಮೇಲೊಂದು, ದಿಕ್ಕು ತೋರಿಸೋ ಹೆಡಿಂಗ್ ಇಂಡಿಕೇಟರ್ ಮೇಲೊಂದು ಸಿಕ್ಕಿಸಿದ್ರು, ಎರಡೂ ಅದೇ ಪಂಪ್ ಮೇಲೆ ಓಡೋದು. "ಅದನ್ನ ಮರೆತುಬಿಡಮ್ಮಾ. ಟರ್ನ್ ಕೋಆರ್ಡಿನೇಟರ್ ಕರೆಂಟ್ ಮೇಲಿದೆ, ಅದನ್ನ ನಂಬು, ಸ್ಪೀಡು, ಹೈಟು ನೋಡ್ಕೋ. ನೀನೇ ಹಾರಿಸು."

ರೆಕ್ಕೆ ಸಮ ಮಾಡ್ದೆ. ಮಾಡಿದ ಕೂಡ್ಲೇ ಇಡೀ ಮೈ ಬಲಕ್ಕೆ ಬೀಳ್ತಿದೀನಿ ಅಂತ ಕೂಗ್ತು, ಸುಮಾರು ಹೊತ್ತು ಎಡಕ್ಕೆ ತಿರುಗಿದ್ದಕ್ಕೆ ಕಿವಿಯೊಳಗಿನ ದ್ರವ ಅದನ್ನೇ ನೇರ ಅಂದ್ಕೊಂಡುಬಿಟ್ಟಿತ್ತು. ಕುತ್ತಿಗೆ ತಾನಾಗೇ ಎಡಕ್ಕೆ ಬಾಗಿದೆ, ಕೈನೂ ಎಡಕ್ಕೆ ತಿರುಗಿಸು ಅಂತಿದೆ. ಕಣ್ಣು ಮಾತ್ರ ಇಲ್ಲ ಅಂತಿದೆ. ಗ್ರೌಂಡ್ ಕ್ಲಾಸಲ್ಲಿ ಓದಿದ್ದೆ, 1954ರಲ್ಲಿ ಇಲಿನಾಯ್ ಯೂನಿವರ್ಸಿಟಿಯವರು ಇನ್‌ಸ್ಟ್ರುಮೆಂಟ್ ಟ್ರೈನಿಂಗ್ ಇಲ್ಲದ 20 ಜನರನ್ನ ಹೊರಗೆ ಏನೂ ಕಾಣದ ಹಾಗೆ ಹಾರಿಸಿದಾಗ ಎಲ್ಲರೂ ಕಂಟ್ರೋಲ್ ಕಳ್ಕೊಂಡಿದ್ರು, ಸರಾಸರಿ 178 ಸೆಕೆಂಡ್‌ನಲ್ಲಿ. ಅದು ಹೇಗೆ ಅಂತ ನನಗೆ ಮೈಯಲ್ಲಿ ಅರ್ಥ ಆಗಿದ್ದು ಆವತ್ತೇ.

ಅಷ್ಟೊತ್ತಿಗೆ ನಾವು ಹೆಚ್ಚುಕಮ್ಮಿ ಪಶ್ಚಿಮಕ್ಕೆ, ಗುಡ್ಡದ ಕಡೆಗೆ ಮುಖ ಮಾಡಿದ್ವಿ. ಬಲಕ್ಕೆ ತಿರುಗಬೇಕು. ಉತ್ತರದ ಹತ್ತಿರ ತಿರುಗುವಾಗ ಕಾಂಪಸ್ ಹಿಂದೆ ಬೀಳುತ್ತೆ, ನಂಬೋ ಹಾಗಿಲ್ಲ, ಅದಕ್ಕೆ ಗಡಿಯಾರ. ಸೆಕೆಂಡಿಗೆ 3 ಡಿಗ್ರಿ, 90 ಡಿಗ್ರಿಗೆ 30 ಸೆಕೆಂಡ್. ಸರ್ ವಾಚ್ ನೋಡ್ಕೊಂಡು ಎಣಿಸಿದ್ರು, ನಾನು ಟರ್ನ್ ಕೋಆರ್ಡಿನೇಟರ್‌ನ ಪುಟ್ಟ ವಿಮಾನದ ರೆಕ್ಕೆಯನ್ನ ಆ 3 ಡಿಗ್ರಿ ತಿರುವಿನ ಗುರುತಿನ ಮೇಲೇ ಕೂರಿಸಿ ಹಿಡಿದೆ. ಮೂವತ್ತು ಅಂದ್ರು, ಸಮ ಮಾಡ್ದೆ.

ಈಗ ಒಂದು ಲೆಕ್ಕ ಇತ್ತು. ಮೋಡ ಗುಡ್ಡಕ್ಕೆ ಅಂಟ್ಕೊಂಡಿರುತ್ತೆ, ಬೀರೂರು ಕಡೂರಿನ ಬಯಲಿಗೆ ಬಂದ್ರೆ ಹರಿಯುತ್ತೆ, ಮಲೆನಾಡಿನವರಿಗೆ ಇದನ್ನ ಯಾರೂ ಹೇಳ್ಕೊಡ್ಬೇಕಿಲ್ಲ. ಶಿವಮೊಗ್ಗ ಟವರ್‌ಗೆ ಜೈರೋ ಹೋಗಿದೆ ಅಂತ ಹೇಳಿ ಹಾಗೇ ಬಂದ್ವಿ. ತರೀಕೆರೆ ಹತ್ತಿರ ಬಿಳಿ ತೆಳ್ಳಗಾಗಿ ಕೆಳಗೆ ಮೊದಲು ಕಂಡಿದ್ದು ತೆಂಗಿನ ತೋಟ, ಆಮೇಲೆ ರೈಲ್ವೆ ಲೈನ್. ಅಷ್ಟು ಚಂದದ ರೈಲ್ವೆ ಲೈನ್ ನಾನು ನೋಡೇ ಇಲ್ಲ. ಅದನ್ನೇ ಹಿಡ್ಕೊಂಡು ಮೋಡದ ಕೆಳಗೆ ಇಳಿದು ಭದ್ರಾವತಿ, ಅಲ್ಲಿಂದ ಸೋಗಾನೆ.

ಹೊರಗೆ ಬಂದಾಗ ಅಪ್ಪಯ್ಯ "ಎಂತ ಮಗಾ, ಇಷ್ಟ್ ತಡ?" ಅಂದ್ರು. ಮೋಡ ಇತ್ತು ಅಪ್ಪಯ್ಯ ಅಂದೆ, ಪೂರ್ತಿ ಹೇಳಿದ್ದು ರಾತ್ರಿ ಊಟ ಆದ್ಮೇಲೆ.

ಮಾರನೇ ದಿನ ಮೆಕ್ಯಾನಿಕ್ ಬಂದು ಪಂಪ್ ಬಿಚ್ಚಿ ನನ್ನ ಕೈಗೆ ಕೊಟ್ರು. ಅಲ್ಲಾಡಿಸಿದ್ರೆ ಚೆನ್ನಾಗಿ ಒಣಗಿದ ಗೋಟಡಿಕೆ ಥರ ಗಳಗಳ ಅಂತು. ಒಳಗಿನ ಕಾರ್ಬನ್ ಪಟ್ಟಿಗಳು ಚೂರಾಗಿದ್ವು, ಅಂಗೈಗೆ ಸುರಿದ್ರೆ ಪೆನ್ಸಿಲ್ ಸೀಸದ ಥರ ಕಪ್ಪು ಪುಡಿ. ಹೊಸದು ಹಾಕಿದ ಮೇಲೆ ವಾಪಸ್ ಹೊರಟಾಗ ಹಾರೋ ಮುಂಚಿನ ಎಂಜಿನ್ ಪರೀಕ್ಷೆಯಲ್ಲಿ, ರನ್‌ಅಪ್‌ನಲ್ಲಿ, ಬೇರೆ ಏನೂ ನೋಡೋ ಮೊದಲು ಸಕ್ಷನ್ ಗೇಜ್ ನೋಡ್ದೆ, ಮುಳ್ಳು 5ರ ಹತ್ತಿರ ಬಂದು ನಿಲ್ತು. ಹರಿದ ಆ ಎರಡು ಹಾಳೆ ತುಂಡು ನೀಪ್ಯಾಡ್‌ನಲ್ಲೇ ಇತ್ತು, ಹಾಗೇ ಇಟ್ಕೊಂಡೆ.